ಅಲ್ವಾ ಮೇಡಂ

ಜನವರಿ 8, ಗುರುವಾರ

ಮಧ್ಯಾಹ್ನ ಗುರುಗಳು ನನ್ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಬೈಯುವುದಿದ್ದರೆ ಅವರು ನಿಂತೇ ಬೈದು ಕಳಿಸುತ್ತಾರೆ. ಕೂರಿಸಿದರೆಂದರೆ ಅದಕ್ಕಿಂತ ದೊಡ್ಡದೇನೋ ಕಾದಿದೆ ಎಂದೇ ಅರ್ಥ. ಅರಿವಳಿಕೆ ವಿಭಾಗದಲ್ಲಿ ನಾವೆಲ್ಲ ಅವರ ಕೈಕೆಳಗೇ ಕೆಲಸ ಕಲಿತವರು. ಮಾರ್ಚ್ ಕೊನೆಗೆ ಅವರು ನಿವೃತ್ತರಾಗುತ್ತಾರೆ.

“ಮುಂದಿನ ಮುಖ್ಯಸ್ಥೆ ನೀನೇ,” ಎಂದರು.

“ಬೇಡ ಸರ್. ಬೇರೆ ಯಾರಾದ್ರೂ ಇದ್ದೇ ಇರ್ತಾರೆ, ಅಲ್ವಾ?”

“ಇದ್ದಾರಲ್ಲ, ಸರ್ಜರಿಯೋರು! ನೀನು ಒಲ್ಲೆ ಅಂದ್ರೆ ನಮ್ಮ ವಿಭಾಗಾನ ಹಂಗಾಮಿಯಾಗಿ ಅವರ ಕೈಗೆ ಕೊಡ್ತಾರೆ. ಈ ಆಸ್ಪತ್ರೇಲಿ ಹಂಗಾಮಿ ಅಂದ್ರೆ ಏನು ಅಂತ ನಿಂಗೊತ್ತು. ಕಾರಿಡಾರಿನಲ್ಲಿರೋ ಹಂಗಾಮಿ ವೈರು ನಾನು ಸೇರಿದಾಗಿಂದ ನೇತಾಡ್ತಿದೆ. ಆಮೇಲೆ ‘ಈ ಪೇಷೆಂಟ್ ಇವತ್ತು ಬೇಡ’ ಅಂತ ಹೇಳೋ ಹಕ್ಕು ಯಾರದು? ಕತ್ತರಿ ಹಿಡಿದು ನಿಂತೋನೇ ಕತ್ತರಿ ಕೆಳಗಿಡಬೇಕು. ಇಡ್ತಾನಾ?”

ಅವರು ಅಲ್ಲಿಗೇ ಬಿಡಲಿಲ್ಲ. ಮುಂದಿನ ವಾರ ನಮ್ಮ ಸಂಘ ನಡೆಸುವ ನಾಯಕತ್ವ ಶಿಬಿರಕ್ಕೆ ನನ್ನ ಹೆಸರು ಕೊಟ್ಟಾಗಿದೆ. ಫೆಬ್ರವರಿಯಲ್ಲಿ ವಾರ್ಷಿಕ ಸಮ್ಮೇಳನ ನಮ್ಮ ಆಸ್ಪತ್ರೆಯಲ್ಲೇ ನಡೆಯುತ್ತದಂತೆ. ಅದರಲ್ಲಿ ನಾನು ಆಪರೇಷನ್ ಥಿಯೇಟರಿನೊಳಗೆ ಕೆಲಸ ಮಾಡುವುದನ್ನು ಸಭಾಂಗಣದಲ್ಲಿ ಕೂತ ಮುನ್ನೂರು ಜನ ಪರದೆಯ ಮೇಲೆ ನೋಡುತ್ತಾರಂತೆ.

ಪೇಷೆಂಟಿನ ತಲೆಯ ಹಿಂದೆ ಒಂದು ಸ್ಟೂಲು, ನನಗೂ ಸರ್ಜನ್‌ಗೂ ನಡುವೆ ಒಂದು ಬಟ್ಟೆ. ಇಷ್ಟು ವರ್ಷ ಆ ಬಟ್ಟೆಯ ಈಚೆ ನೆಮ್ಮದಿಯಾಗಿದ್ದೇನೆ. ಎಲ್ಲರೂ ಮುಂದೆ ಬಂದರೆ ಹಿಂದೆ ಇರುವವರು ಯಾರು? ಯಾರಾದರೂ ಇರಬೇಕಲ್ಲವೇ?

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಪ್ಲಂಬರ್‌ಗೆ ಹೇಳಬಹುದಲ್ವಾ ಎಂದು ಇವರಿಗೆ ಹೇಳಿದೆ. ಹೂಂ ಎಂದರು.

ಜನವರಿ 17, ಶನಿವಾರ

ಶಿಬಿರದ ಮೊದಲ ದಿನ. ಹೋಟೆಲಿನ ದೊಡ್ಡ ಕೋಣೆ, ಚಳಿ ಹಿಡಿಸುವ ಏಸಿ. ಬಂದವರೆಲ್ಲ ಅರಿವಳಿಕೆಯವರೇ. ಹಿಂದಿನ ಸಾಲು ಮೊದಲು ತುಂಬಿತು, ಆಮೇಲೆ ಅದರ ಮುಂದಿನದು. ಮೊದಲ ಸಾಲಿನಲ್ಲಿ ನರಪಿಳ್ಳೆಯಿಲ್ಲ. ತಲೆಯ ಹಿಂದೆ ನಿಂತು ಅಭ್ಯಾಸವಾದವರು ಇನ್ನೆಲ್ಲಿ ಕೂರುತ್ತಾರೆ?

ತರಬೇತಿ ಕೊಡುವವರು ನಮ್ಮ ಕಸುಬಿನವರಲ್ಲ. ಕಂಪನಿಗಳಿಗೆ, ಬ್ಯಾಂಕುಗಳಿಗೆ ಪಾಠ ಹೇಳುವವರು. ಹಾಲಿನಷ್ಟು ಬಿಳಿ ಶೂ ಹಾಕಿದ್ದರು, ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಮಾತಾಡುತ್ತಿದ್ದರು. ಪಕ್ಕದಲ್ಲಿ ಕೂತವರು ಮೆಲ್ಲಗೆ “ಇವರಿಗೆ ಎಷ್ಟು ಡೋಸ್ ಬೇಕಾಗಬಹುದು?” ಎಂದರು. ನಗು ತಡೆಯುವುದು ಕಷ್ಟವಾಯಿತು.

ಊಟವಾದ ಮೇಲೆ ಒಬ್ಬೊಬ್ಬರೂ ಎದ್ದು ಐದು ನಿಮಿಷ ಮಾತಾಡಬೇಕಿತ್ತು. ನನ್ನ ಸರದಿ ಬಂದಾಗ ಥಿಯೇಟರಿನಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದೆ. ಅದೊಂದೇ ದನಿ ನನಗೆ ಗೊತ್ತಿರುವುದು. ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯಿತು. ಎರಡನೇ ಸಾಲಿನಲ್ಲಿ ಇಬ್ಬರು ನಿದ್ದೆಹೋದರು. ಅವರಲ್ಲೊಬ್ಬರ ಗೊರಕೆ ನಡುವೆ ನಿಂತಾಗ, ಸುತ್ತಲಿನ ನಾಲ್ಕು ಕೈಗಳು ಒಟ್ಟಿಗೆ, ಉಸಿರಿನ ದಾರಿ ತೆರೆಯಲೆಂದು, ಅವರ ಗದ್ದ ಎತ್ತಲು ಹೋದವು. ಇಡೀ ಕೋಣೆ ನಕ್ಕಿತು, ಮಲಗಿದ್ದವರು ಎದ್ದರು, ನನ್ನ ಮಾತು ಅಲ್ಲಿಗೇ ಮುಗಿಯಿತು. ಬೀಸುವ ದೊಣ್ಣೆ ತಪ್ಪಿತು.

ಜನವರಿ 18, ಭಾನುವಾರ

ತಪ್ಪಿರಲಿಲ್ಲ. ಬಿಳಿ ಶೂ ನಮ್ಮೆಲ್ಲರ ಮಾತನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಇವತ್ತು ಹೆಸರು ಹೇಳದೆ ಕೇಳಿಸಿದರು. “ಈ ಧ್ವನೀಲಿ ಒಂದು ಪದ ಎಷ್ಟು ಸಲ ಬರತ್ತೆ ನೋಡಿ” ಎಂದಾಗಲೇ, ಕುಂಬಳಕಾಯಿ ಕಳ್ಳನ ಹಾಗೆ, ನಾನು ಹೆಗಲು ಮುಟ್ಟಿಕೊಂಡೆ.

ಅಲ್ವಾ. ಮೊದಲು ಉಸಿರಿನ ದಾರಿ ನೋಡಬೇಕು ಅಲ್ವಾ. ಎಲ್ಲರಿಗೂ ಗೊತ್ತಿರೋದೇ ಅಲ್ವಾ. ನನ್ನ ಹೆಸರು ಹೇಳಿದ ಮೇಲೂ ಒಂದು ಅಲ್ವಾ! ನನ್ನ ಹೆಸರಿನ ಬಗ್ಗೆ ನನಗೇ ಅನುಮಾನವಿದ್ದ ಹಾಗೆ.

ಚಹಾ ಹೊತ್ತಿನಲ್ಲಿ ಅವರು ನನ್ನ ಬಳಿ ಬಂದರು. “ಬೇಜಾರಾಯ್ತಾ?” ಎಂದರು.

“ಅದು ಮರ್ಯಾದೆ ಮಾತು,” ಎಂದೆ. “ಎದುರಿನೋರನ್ನೂ ಸೇರಿಸಿಕೊಂಡು ಮಾತಾಡೋದು ತಪ್ಪಾ?”

“ತಪ್ಪಲ್ಲ. ಆದ್ರೆ ‘ಅಲ್ವಾ’ ಅಂತ ಕೇಳಿದ್ರೆ ಉತ್ತರ ನೀವೇ ಬಾಯಿಗಿಟ್ಟ ಹಾಗೆ. ಎದುರಿನೋರು ಹೂಂ ಅನ್ನದೆ ಇನ್ನೇನು ಮಾಡ್ತಾರೆ? ಒಂದು ವಾರ ಅದನ್ನ ಬಿಟ್ಟು ಮಾತಾಡಿ ನೋಡಿ.”

ಅವರಿಗೇನು ಗೊತ್ತು? ಕಣ್ಣು ಮುಚ್ಚಲು ಹೆದರುವವರ ಹತ್ತಿರ ನಾನು ದಿನವೂ ಮಾತಾಡುತ್ತೇನೆ. ಅಲ್ಲಿ ದನಿ ಏರಿಸಿ ಅಪ್ಪಣೆ ಕೊಡಲಿಕ್ಕಾಗುತ್ತದೆಯೇ? ಬಿಡುವುದಿಲ್ಲ. ಬಿಡುವ ಅಗತ್ಯವೂ ಇಲ್ಲ, ಅಲ್ಲವೇ?

ಜನವರಿ 21, ಬುಧವಾರ

ಶಿಬಿರದ ಕಥೆ ಹೇಳಿದಾಗ ಥಿಯೇಟರ್ ಸಿಸ್ಟರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು. “ಬೇಜಾರು ಮಾಡ್ಕೋಬೇಡಿ, ಇಲ್ಲಿ ಎಲ್ರೂ ನಿಮ್ಮನ್ನ ‘ಅಲ್ವಾ ಮೇಡಂ’ ಅಂತಾನೇ ಕರೆಯೋದು. ಪ್ರೀತಿಗೆ.”

“ಯಾವಾಗಿಂದ?”

“ನಾನು ಬಂದಾಗ ಆಗಲೇ ಇತ್ತು.”

ಸಿಸ್ಟರ್ ಬಂದು ಎಷ್ಟು ಕಾಲವಾಯಿತು! ಊರಿಗೆಲ್ಲ ಗೊತ್ತಿರುವ ಹೆಸರು ಹೆಸರಿನವಳಿಗೊಬ್ಬಳಿಗೇ ಗೊತ್ತಿರಲಿಲ್ಲ. ನಿಜಕ್ಕೂ ನೋವಾಯಿತು. ಮನೆಯಲ್ಲಿ ಹೇಳಿದರೆ ಸಮಾಧಾನ ಸಿಗುತ್ತದೆ ಎಂದುಕೊಂಡೆ. ಮಗಳು ಊಟದ ಹೊತ್ತಿನಲ್ಲಿ ಒಂದು ಚಮಚ ಹಿಡಿದು ಕೂತು, ನಾನು ಅಲ್ವಾ ಎಂದಾಗಲೆಲ್ಲ ಲೋಟಕ್ಕೆ ಟಣ್ ಎಂದು ಹೊಡೆದಳು. ಇವರು ಗಣಿತದ ಮೇಷ್ಟ್ರು, “ಸರಾಸರಿ ತೆಗೀಲಾ?” ಎಂದು ಕೇಳಿದರು. ಊಟ ಮುಗಿಯುವಷ್ಟರಲ್ಲಿ ನಾನು ಮಾತು ಬಿಟ್ಟು ಕೈಸನ್ನೆಗೆ ಇಳಿದಿದ್ದೆ.

ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ.

ಜನವರಿ 29, ಗುರುವಾರ

ಸಮ್ಮೇಳನದ ದಿನ ಪರದೆಯ ಮೇಲೆ ಬರುವ ಪೇಷೆಂಟನ್ನು ಇವತ್ತು ನೋಡಿದೆ. ಬಟ್ಟೆ ಹೊಲಿಯುವ ಹೆಂಗಸು. ಥೈರಾಯ್ಡ್ ಊದಿ ಕತ್ತಿನಲ್ಲಿ ಮಾವಿನಕಾಯಿಯಷ್ಟು ಗಂಟಾಗಿದೆ, ಶ್ವಾಸನಾಳವನ್ನು ಒಂದು ಬದಿಗೆ ತಳ್ಳಿದೆ. ಗಂಟು ಕಾಣದ ಹಾಗೆ ತನ್ನ ಅಂಗಿಗಳಿಗೆಲ್ಲ ತಾನೇ ಎತ್ತರದ ಕಾಲರ್ ಹೊಲಿದುಕೊಂಡಿದ್ದಾಳೆ. ಎಷ್ಟು ಚೆನ್ನಾಗಿ ಹೊಲಿದಿದ್ದಾಳೆಂದರೆ, ಕಾಯಿಲೆಯಿಲ್ಲದವರೂ ಅಂಥದ್ದು ಬೇಕು ಎಂದು ಹೊಲಿಸಿಕೊಂಡು ಹೋಗುತ್ತಾರಂತೆ.

ಇಂಥ ಕತ್ತಿಗೆ ಮೊದಲು ಅರಿವಳಿಕೆ ಕೊಟ್ಟು ಆಮೇಲೆ ಉಸಿರಾಟದ ಕೊಳವೆ ಹಾಕಲು ಹೋದರೆ ಉಸಿರಿನ ದಾರಿ ಮುಚ್ಚಿಹೋಗಬಹುದು. ಎಚ್ಚರವಿದ್ದಾಗಲೇ, ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ, ಅದರ ಹಿಂದೆ ಕೊಳವೆ ಇಳಿಸಬೇಕು. ಗುರುಗಳು ನನಗೆ ಕಲಿಸಿದ ಕೆಲಸ. ಸಮ್ಮೇಳನಕ್ಕೆ ತೋರಿಸಬೇಕಾಗಿರುವುದೂ ಅದನ್ನೇ. ಆದರೆ ಆ ಗ್ರಂಥಿ ಈಗ ಕೆರಳಿದೆ, ನಾಡಿ ಓಡುತ್ತಿದೆ. ಮಾತ್ರೆಗಳಿಂದ ಅದು ತಣ್ಣಗಾಗದೆ ಆಪರೇಷನ್ ಮಾಡುವ ಹಾಗಿಲ್ಲ. ಮೇಜಿನ ಮೇಲೆ ಜ್ವರ ಏರಿ ಹೃದಯ ಲಗಾಮು ಹರಿದುಕೊಂಡರೆ ಪ್ರಾಣಕ್ಕೇ ಬರುತ್ತದೆ.

“ಮಾತ್ರೆ ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ, ಅಲ್ವಾ?” ಎಂದೆ.

“ಹೂಂ ಡಾಕ್ಟ್ರೇ.” ಕಾಲರ್ ಸರಿಮಾಡಿಕೊಳ್ಳುತ್ತಾ ಕೇಳಿದಳು. “ಟೀವೀಲಿ ನನ್ನ ಮುಖ ಬರತ್ತಾ?”

“ಇಲ್ಲ, ಮುಖ ತೋರ್ಸಲ್ಲ. ಗಂಟಲ ಒಳಗಡೆ ಮಾತ್ರ.”

“ಅಯ್ಯೋ, ಮುಖಾನೇ ವಾಸಿ ಇತ್ತು.”

ಫೆಬ್ರವರಿ 13, ಶುಕ್ರವಾರ

ಹೊಲಿಗೆಯಾಕೆಯ ನಾಡಿ ಇಳಿದಿದೆ, ಕೈನಡುಕ ನಿಂತಿದೆ. ರಕ್ತಪರೀಕ್ಷೆಯೂ ಸರಿಯಾಗಿದೆ. ಕೌಂಟರಿನಲ್ಲಿ ತಾರೀಕು ಕೊಟ್ಟು ಕಳಿಸಿದ್ದಾರೆ. ಸರ್ಜನ್ ಸಾಹೇಬರಿಗೆ ಖುಷಿ. ಕತ್ತಿನ ಆಪರೇಷನ್‌ನಲ್ಲಿ ಅವರದು ಎತ್ತಿದ ಕೈ, ಅದು ಅವರಿಗೂ ಚೆನ್ನಾಗಿ ಗೊತ್ತು. “ಪರದೆ ಮೇಲೆ ಬರ್ತೀರಿ ಮೇಡಂ, ಸ್ವಲ್ಪ ಪೌಡರ್ ಹಚ್ಕೊಳ್ಳಿ,” ಎಂದರು. ಮಾಸ್ಕಿನ ಮೇಲೆ ಹಚ್ಚಲೇ ಎಂದು ಕೇಳಿದೆ.

ಗುರುಗಳು ದಿನವೂ ಉತ್ತರ ಕೇಳುತ್ತಿದ್ದಾರೆ. ಸಮ್ಮೇಳನ ಮುಗಿಯಲಿ ಸರ್ ಎನ್ನುತ್ತಿದ್ದೇನೆ. ಆಮೇಲೆ ಬೇಡ ಎಂದು ಹೇಳಿಬಿಡಬೇಕು.

ಫೆಬ್ರವರಿ 20, ಶುಕ್ರವಾರ

ನಾಳೆ. ಸಂಜೆ ವಾರ್ಡಿಗೆ ಹೋದೆ. ಹೊಲಿಗೆಯಾಕೆ ಹಾಸಿಗೆಯ ಅಂಚಿನಲ್ಲಿ ಕೂತು ಆಸ್ಪತ್ರೆಯ ಅಂಗಿಯ ಬಿಚ್ಚಿದ ಅಂಚನ್ನು ಹೊಲಿಯುತ್ತಿದ್ದಳು. ಸೂಜಿ ದಾರ ಮನೆಯಿಂದ ತಂದಿದ್ದಾಳೆ.

“ಮಾತ್ರೆ ಎಲ್ಲಾ ಸರಿಯಾಗಿ ತಗೊಳ್ತಿದ್ದೀರಿ ಅಲ್ವಾ?”

“ಹೂಂ ಡಾಕ್ಟ್ರೇ.”

ನಾಡಿ ಸ್ವಲ್ಪ ಜೋರಿದೆ. ನಾಳೆಯ ಹೆದರಿಕೆ ಇರಬೇಕು. ನನ್ನ ನಾಡಿಯೂ ಜೋರಾಗಿಯೇ ಇದೆ, ಅಲ್ಲವೇ?

ಫೆಬ್ರವರಿ 21, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಥಿಯೇಟರಿನ ತುಂಬ ವೈರು. ಎರಡು ಕ್ಯಾಮೆರಾ, ನನ್ನ ಅಂಗಿಗೊಂದು ಮೈಕು, ಸಭಾಂಗಣದವರ ಜೊತೆ ಮಾತಾಡಲು ಕಿವಿಗೊಂದು ಇಯರ್‌ಫೋನು. ಗೋಡೆಯ ಟೀವಿಯಲ್ಲಿ ಸಭಾಂಗಣ ಕಾಣುತ್ತಿತ್ತು. ವೇದಿಕೆಯ ಮೇಲೆ ಗುರುಗಳು ಮಾತಾಡುತ್ತಿದ್ದರು. ಅಲ್ಲಿಯೂ ಹಿಂದಿನ ಸಾಲುಗಳೇ ಮೊದಲು ತುಂಬಿದ್ದವು.

ಪಕ್ಕದ ಕೋಣೆಯಲ್ಲಿ ಹೊಲಿಗೆಯಾಕೆ ಮಲಗಿದ್ದಳು. ಕೈ ಹಿಡಿದೆ. ಅಂಗೈ ಬಿಸಿಯಾಗಿ ಒದ್ದೆಯಾಗಿತ್ತು. ಹೆದರಿದವರ ಕೈ ತಣ್ಣಗಿರುತ್ತದೆ. ನಾಡಿ ಕುದುರೆಯ ಓಟ. “ಬೆಳಿಗ್ಗೆ ಮಾತ್ರೆ ತಗೊಂಡ್ರಿ—” ಎಂದು ಶುರುಮಾಡಿದವಳು, ಮುಂದಿನ ಪದ ನಾಲಿಗೆಯ ತುದಿಗೆ ಬಂದಾಗ ನಿಂತೆ. ಎಲ್ಲಿಯದೋ ಚಮಚ ಟಣ್ ಎಂದಿತು. ಬೇರೆ ಥರ ಕೇಳಿದೆ.

“ಕೊನೇ ಸಲ ಮಾತ್ರೆ ಯಾವಾಗ ತಗೊಂಡ್ರಿ?”

ಆಕೆ ಚಾವಣಿ ನೋಡಿ ಯೋಚಿಸಿದಳು. ಹೂಂ ಎಂದು ತಪ್ಪಿಸಿಕೊಳ್ಳುವ ದಾರಿ ಆ ಪ್ರಶ್ನೆಯಲ್ಲಿರಲಿಲ್ಲ.

“ಹೋದ ವಾರ. ತಾರೀಕು ಕೊಟ್ರಲ್ಲ, ಅವತ್ತು ಬೆಳಿಗ್ಗೆ.”

“ಆಮೇಲೆ?”

“ಕೌಂಟರಿನೋರು ಹೇಳಿದ್ರು, ಆಪರೇಷನ್ ಆಗೋ ತನಕ ಬಾಯಿಗೆ ಏನೂ ಹಾಕಬಾರದು ಅಂತ. ಒಂದು ವಾರ ಊಟ ಬಿಟ್ಟು ಇರಕ್ಕಾಗತ್ತಾ? ಮಾತ್ರೆ ಬಗ್ಗೆನೇ ಹೇಳಿರ್ಬೇಕು ಅಂದ್ಕೊಂಡು ಅದನ್ನ ಬಿಟ್ಟೆ.”

“ನಿನ್ನೆ ನಾನು ಕೇಳಿದಾಗ ಹೂಂ ಅಂದ್ರಲ್ಲಮ್ಮಾ.”

“ನೀವು ತಗೊಂಡಿದ್ದೀನಿ ಅಂತ ಅಂದ್ಕೊಂಡಿದ್ರಿ. ಇಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಸಿಸ್ಟರೂ ಹಾಗೇ ಕೇಳಿದ್ರು.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಇನ್ನರ್ಧ ಗಂಟೆ ಕಳೆದಿದ್ದರೆ ಆ ಮೂಗಿನೊಳಗೆ ನಾನೇ ಕೊಳವೆ ಇಳಿಸುತ್ತಿದ್ದೆ.

ಸರ್ಜನ್ ಸಾಹೇಬರು ಕೈ ತೊಳೆಯಲು ಹೊರಟಿದ್ದರು. ವಿಷಯ ಹೇಳಿದೆ. “ಇಂಜೆಕ್ಷನ್ ಕೊಟ್ಟು ನಾಡಿ ಇಳಿಸಿ, ಮುಂದುವರಿಯೋಣ ಮೇಡಂ. ಹೊರಗಡೆ ಎಷ್ಟು ಜನ ಕಾಯ್ತಿದ್ದಾರೆ ನೋಡಿ,” ಎಂದರು.

“ಇಳಿಸಬಹುದು. ಇಳಿಯೋದು ಮಾನಿಟರ್ ಮೇಲಿನ ಅಂಕಿ. ಒಳಗಿನ ಬೆಂಕಿ ಹಾಗೇ ಇರತ್ತೆ. ಇವತ್ತು ಬೇಡ.”

ಅವರು ನನ್ನನ್ನೇ ನೋಡಿದರು. ಮುಂದೆ ಇನ್ನೇನಾದರೂ ಬರುತ್ತದೆ ಎಂದು ಕಾದ ಹಾಗಿತ್ತು. ನನಗೆ ಸೇರಿಸಲು ಏನೂ ಇರಲಿಲ್ಲ.

ಅಷ್ಟರಲ್ಲಿ ಕಿವಿಯೊಳಗೆ ಗುರುಗಳು ಮೆಲ್ಲಗೆ ಮಾತಾಡಿದರು. ಅವರ ದನಿಯೇ ಕಷ್ಟವಾಗಿದ್ದು. “ಏನಾಯ್ತಮ್ಮಾ? ಹಾಲ್ ತುಂಬಿದೆ. ಆಪರೇಷನ್ ಆಮೇಲೆ ನೋಡೋಣ, ಕೊಳವೆ ಇಳಿಸೋದಷ್ಟು ತೋರಿಸಿಬಿಡು. ಇದು ನನ್ನ ಕೊನೇ ಸಮ್ಮೇಳನ.”

ಗುರುಗಳು ನನ್ನಿಂದ ಏನನ್ನಾದರೂ ಕೇಳಿದ್ದು ಬಹುಶಃ ಇದೇ ಮೊದಲು.

“ಆಪರೇಷನ್ ಇಲ್ಲದೆ ಅವರ ಗಂಟಲಿಗೆ ಕೊಳವೆ ಯಾಕೆ ಸರ್? ನಮಗೋಸ್ಕರ ಹಾಕಿದ ಹಾಗಾಗತ್ತೆ. ಕ್ಯಾಮೆರಾನ ನನ್ನ ಕಡೆ ತಿರುಗಿಸಕ್ಕೆ ಹೇಳಿ.”

ಆಮೇಲೆ ಕ್ಯಾಮೆರಾ ತಿರುಗಿತು.

ಮಾಸ್ಕು ಕೆಳಗಿಳಿಸಿ ಹೇಳಿದೆ. ಪೇಷೆಂಟ್ ಒಂದು ವಾರ ಮಾತ್ರೆ ತಗೊಂಡಿಲ್ಲ, ನಾಡಿ ಹೀಗಿದೆ, ಇವತ್ತು ಆಪರೇಷನ್ ಇಲ್ಲ. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಿದ ರೀತಿಯಲ್ಲಿ ಹೂಂ ಎನ್ನುವುದು ಬಿಟ್ಟು ಬೇರೆ ದಾರಿ ಇರಲಿಲ್ಲ ಎಂದೂ ಹೇಳಿದೆ. ಸಭಾಂಗಣದಲ್ಲಿ ಎಲ್ಲರೂ ಸಿಟ್ಟಾಗಿದ್ದಾರೆ ಎಂದುಕೊಂಡೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದರು.

“ಮೇಡಂ, ಇವತ್ತು ಏನಂತ ಕೇಳಿದ್ರಿ? ಕೇಳಿದ ಹಾಗೇ ಇನ್ನೊಂದ್ಸಲ ಹೇಳಿ.”

ಹೇಳಿದೆ. ಟೀವಿಯಲ್ಲಿ ತಲೆಗಳು ಒಂದೊಂದಾಗಿ ಬಗ್ಗಿದವು, ಬರೆದುಕೊಳ್ಳುತ್ತಿದ್ದರು. ಆಮೇಲೆ ಪ್ರಶ್ನೆಗಳು ಶುರುವಾದವು. ವಾರ್ಡಿನಲ್ಲಿ ಯಾರು ಕೇಳಬೇಕು, ಕೌಂಟರಿನವರಿಗೆ ಏನು ಹೇಳಿಕೊಡಬೇಕು, ಸರ್ಜನ್ ಒಪ್ಪದಿದ್ದರೆ ಏನು ಮಾಡಬೇಕು. ನಿಗದಿಯಾದ ಹೊತ್ತು ಮೀರಿ, ಊಟದ ಗಂಟೆ ಬಾರಿಸಿ ನಿಲ್ಲಿಸಬೇಕಾಯಿತು. ನಿಂತು ನಿಂತು ನನ್ನ ಕಾಲು ಬಿದ್ದುಹೋಗಿತ್ತು.

ಹೊಲಿಗೆಯಾಕೆಯನ್ನು ವಾರ್ಡಿಗೆ ಕಳಿಸುವಾಗ ಆಕೆ ಕೈ ಹಿಡಿದುಕೊಂಡಳು. “ನನ್ನಿಂದ ನಿಮಗೆ ಎಲ್ರ ಮುಂದೆ ಅವಮಾನ ಆಯ್ತು ಅಲ್ವಾ?”

“ಇಲ್ಲ. ಮಾತ್ರೆ ಇವತ್ತಿಂದಲೇ ಶುರು. ಮುಂದಿನ ತಿಂಗಳು ನೋಡೋಣ.”

ಫೆಬ್ರವರಿ 22, ಭಾನುವಾರ

ಮಲಗಿದ್ದೆ. ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಸಂಜೆ ಪ್ಲಂಬರ್ ಬಂದು ನಲ್ಲಿ ಸರಿಮಾಡಿ ಹೋದ. ನಾನೇ ಫೋನ್ ಮಾಡಿದ್ದೆ.

ಮಾರ್ಚ್ 6, ಶುಕ್ರವಾರ

ಮುಖ್ಯಸ್ಥರ ಸ್ಥಾನದ ಬಗ್ಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಭೆ. ಬೇಡ ಎಂದು ಹೇಳಿ ಬರಲೆಂದೇ ಹೋಗಿದ್ದೆ. ಹಿಂದಿನ ಕುರ್ಚಿಗಳ ಮೇಲೆ ಫೈಲು ಪೇರಿಸಿದ್ದರು, ಮುಂದೆಯೇ ಕೂರಬೇಕಾಯಿತು.

ಸರ್ಜರಿ ವಿಭಾಗದವರು ಹಂಗಾಮಿ ವ್ಯವಸ್ಥೆಯ ಮಾತೆತ್ತಿದರು. ಒಂದೆರಡು ವಿಷಯ ಮೊದಲು ಇತ್ಯರ್ಥವಾಗಲಿ ಎಂದು ಹೇಳಿದೆ. ಯಾರೇ ಮುಖ್ಯಸ್ಥರಾದರೂ ಪೇಷೆಂಟನ್ನು ಮುಂದೂಡುವ ಮಾತು ತಲೆಯ ಬಳಿ ನಿಂತವರದೇ ಆಗಿರಬೇಕು. ಮರುದಿನದ ಪಟ್ಟಿ ಹಿಂದಿನ ಸಂಜೆಯೇ ನಮ್ಮ ಕೈಗೆ ಬರಬೇಕು. ಕೌಂಟರಿನಲ್ಲಿ ‘ಬಾಯಿಗೆ ಏನೂ ಹಾಕಬಾರದು’ ಎಂಬ ಮಾತು ಇವತ್ತಿನಿಂದ ನಿಲ್ಲಬೇಕು. ಊಟ ಯಾವಾಗಿನಿಂದ ಬಿಡಬೇಕು, ಮಾತ್ರೆ ಯಾವುದು ಬಿಡಬಾರದು ಎಂದು ಬಿಡಿಸಿ ಹೇಳಬೇಕು.

ಸೂಪರಿಂಟೆಂಡೆಂಟರು ಬರೆದುಕೊಂಡರು. “ಮತ್ತೆ?” ಎಂದರು. ಕಾರಿಡಾರಿನ ವೈರು ನೆನಪಾಯಿತು. ಅದನ್ನೂ ಹೇಳಿದೆ. ಸರ್ಜನ್ ಸಾಹೇಬರು ಎದುರಿಗೇ ಇದ್ದರು. “ಅವತ್ತು ಇವರು ತಡೀದಿದ್ರೆ ಆ ಹೆಂಗಸನ್ನ ನಾನು ಕಳ್ಕೋತಿದ್ದೆ,” ಎಂದು ಮೇಜು ನೋಡುತ್ತಾ ಹೇಳಿದರು. ಆಮೇಲೆ ಹಂಗಾಮಿಯ ಮಾತು ಬರಲಿಲ್ಲ. ಎಲ್ಲರೂ ಎದ್ದೆವು.

ಮನೆಗೆ ಬಂದ ಮೇಲೆ ನೆನಪಾಯಿತು, ಬೇಡ ಎಂದು ಹೇಳುವುದೇ ಮರೆತುಹೋಗಿದೆ. ಇವರಿಗೆ ಹೇಳಿದೆ. ಇವರು ನಗುತ್ತಲೇ ಇದ್ದಾರೆ, ಯಾಕೋ ತಿಳಿಯದು. ಬೇರೆ ಯಾರಾದರೂ ಸಿಗುವ ತನಕ ನೋಡಿಕೊಂಡರಾಯಿತು.

ಮಾರ್ಚ್ 28, ಶನಿವಾರ

ಹೊಲಿಗೆಯಾಕೆಯ ಆಪರೇಷನ್. ಕ್ಯಾಮೆರಾ ಇಲ್ಲ, ಸಭಿಕರಿಲ್ಲ. ನೋಡಲು ಗುರುಗಳೊಬ್ಬರೇ ಬಂದಿದ್ದರು. ಅವರಿಗಿನ್ನು ಮೂರು ದಿನದ ಕೆಲಸ. ಮೂಲೆಯಲ್ಲಿ ನಿಂತರು. ಬನ್ನಿ ಸರ್, ಇಲ್ಲಿಂದ ಚೆನ್ನಾಗಿ ಕಾಣತ್ತೆ ಎಂದು ಪಕ್ಕಕ್ಕೆ ಕರೆದು ನನ್ನ ಸ್ಟೂಲು ಕೊಟ್ಟೆ.

ಕೈ ತಣ್ಣಗಿತ್ತು. ನಾಡಿ ಸಮಾಧಾನವಾಗಿತ್ತು. ಗಂಟಲಿಗೆ ಮರಗಟ್ಟಿಸುವ ಔಷಧಿ ಹಾಕುವಾಗ ಆಕೆ ಕೇಳಿದಳು, “ನಾನು ಏಳ್ತೀನಿ ಅಲ್ವಾ?”

“ಏಳ್ತೀರಿ. ಎಬ್ಬಿಸೋಳು ನಾನೇ.”

ಕೊಳವೆ ಮೊದಲ ಸಲಕ್ಕೇ ಇಳಿಯಿತು. ಗುರುಗಳು ಸ್ಟೂಲಿನಿಂದ ಏಳಲಿಲ್ಲ. ಬೈಯುವುದಿದ್ದರೆ ಎದ್ದು ನಿಲ್ಲುತ್ತಿದ್ದರು.

ಕತ್ತಿನ ಆಪರೇಷನ್ ಮುಗಿದಾಗ ಸರ್ಜನ್‌ಗಳಿಗೆ ಒಂದೇ ಭಯ. ದನಿಯ ನರಗಳು ಆ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತವೆ. ತಗುಲಿದ್ದರೆ ದನಿ ಒಡೆಯುತ್ತದೆ, ಏರಿಸಲು ಹೋದರೆ ಮೇಲೇರುವುದಿಲ್ಲ. ಕೊಳವೆ ತೆಗೆದು, ಉಸಿರು ಸರಿಯಾಗುವ ತನಕ ಕಾದೆ. ಸಾಹೇಬರು ಟೋಪಿ ಕೈಯಲ್ಲಿ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಹಾಗೆ ನಿಂತಿದ್ದರು.

“ಕಣ್ಣು ಬಿಡಿ. ಏನಾದ್ರೂ ಮಾತಾಡಿ,” ಎಂದೆ.

ಆಕೆ ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು. ತುಟಿ ಒದ್ದೆ ಮಾಡಿಕೊಂಡಳು.

“ಮುಗೀತು... ಅಲ್ವಾ?”

ಕೊನೆಯ ಅಕ್ಷರ ಮೇಲೇರಿತು. ಒಡೆಯಲಿಲ್ಲ, ನಡುಗಲಿಲ್ಲ, ಕೇಳುವವರ ದನಿ ಎಲ್ಲಿಯತನಕ ಏರಬೇಕೋ ಅಲ್ಲಿಯತನಕ ಏರಿ ನಿಂತಿತು. ಸಾಹೇಬರ ಮುಖ ಅರಳಿತು.

“ಮೇಡಂ, ಇನ್ನೊಂದ್ಸಲ ಹೇಳ್ಸಿ, ಅದೇ ಪದ.”

“ಅಲ್ವಾ?” ಎಂದಳು ಆಕೆ, ಈ ಸಲ ಇನ್ನೂ ಮೇಲಿನ ದನಿಯಲ್ಲಿ. ಸಿಸ್ಟರ್ ಬೇರೆ ಕಡೆ ತಿರುಗಿಕೊಂಡರು. ಅವರ ಭುಜ ಕುಣಿಯುತ್ತಿತ್ತು.

ನನ್ನ ಹತ್ತಿರ ಕಲಿಯುವವರಿಗೆಲ್ಲ ಸೋಮವಾರವೇ ಹೇಳಬೇಕು. ಕತ್ತಿನ ಆಪರೇಷನ್ ಆದವರಿಂದ ಹೆಸರು ಹೇಳಿಸುವುದು ಸಾಲದು, ಈ ಪದ ಹೇಳಿಸಿ. ದನಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯದು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ.

ಆಕೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

“ಹೌದಮ್ಮಾ,” ಎಂದೆ. “ಮುಗೀತು.”